ನರಹರಿ ತನ್ನ ತಪ್ಪನ್ನು ರುಜುವಾತು ಮಾಡಿದ್ದು

ಮನುಷ್ಯನನ್ನು ಕೆಡಿಸುವುದಕ್ಕೆ ದುರ್ಬುದ್ಧಿಯೇ ಬೇಕೆಂದಿಲ್ಲ. ಬಿಡುವಾದ ಒಂದು ಶನಿವಾರ ಸಾಕು. ಹಾಲೆಂಡಿನ ಜೂಟರ್‌ಮೀರಿನಲ್ಲಿ ನಾಲ್ಕು ವರ್ಷಗಳಿಂದ ನೆಲೆಸಿರುವ ಮೈಸೂರಿನ ನರಹರಿಗೆ ಕಳೆದ ಅಕ್ಟೋಬರಿನಲ್ಲಿ ಅಂಥದೊಂದು ಶನಿವಾರ ಪ್ರಾಪ್ತವಾಯಿತು.

ಅಲ್ಲಿಯವರೆಗೆ ಅವನ ನಡತೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ದೋಷವಿರಲಿಲ್ಲ. ಕೆಂಪು ದೀಪಕ್ಕೆ ನಿಲ್ಲುತ್ತಿದ್ದ. ಹಿಂದೆ ಮುಂದೆ ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ನಿಲ್ಲುತ್ತಿದ್ದ. ಕಾಗದ, ಪ್ಲಾಸ್ಟಿಕ್, ತರಕಾರಿ ಸಿಪ್ಪೆಗಳನ್ನು ಪುರಸಭೆ ಗೊತ್ತುಪಡಿಸಿದ ಡಬ್ಬಿಗಳಿಗೇ ಹಾಕುತ್ತಿದ್ದ. ಇಂಥವನನ್ನು ದಾರಿ ತಪ್ಪಿಸಬೇಕಾದರೆ ಶತ್ರುವಿನಿಂದ ಆಗುವುದಿಲ್ಲ, ಸ್ನೇಹಿತನೇ ಬೇಕು. ಆ ಸ್ನೇಹಿತ ರಾಟರ್‌ಡ್ಯಾಮಿನಿಂದ ಬಂದ. ಹೆಸರು ಮುರಳೀಧರ, ಊರು ಉಡುಪಿ. ಅವನ ಹೊಸ ಕಾರಿಗೆ ಕಾರ್ಖಾನೆಯಿಂದಲೇ ಎಲ್‌ಇಡಿ ದೀಪಗಳು ಬಂದಿದ್ದವು. ಹದಿನಾಲ್ಕು ವರ್ಷ ಹಳೆಯದಾದ ನರಹರಿಯ ಕಾರಿನ ಹಳದಿ ದೀಪವನ್ನು ಅವನು ಬಗ್ಗಿ ನೋಡಿದ.

"ಎಂಥದು ಮಾರಾಯ ಇದು? ಲೈಟು ಹತ್ತಿದ್ದು ಹೌದಾ, ಅಲ್ಲ ಒಳಗೆ ಯಾರಾದ್ರೂ ಬೀಡಿ ಸೇದ್ತಾ ಕೂತಿದ್ದಾರಾ?"

"ಬೆಳಕು ಬರುತ್ತಲ್ಲೋ, ಸಾಕು."

"ಬರ್ತದೆ, ಬರ್ತದೆ. ಬೆಂಗಳೂರಿಗೆ ನೀರು ಬಂದ ಹಾಗೆ ಬರ್ತದೆ."

ನಲವತ್ತು ದಾಟಿದ ಗಂಡಸು ತನ್ನ ತಲೆಗೂದಲಿನ ಬಗ್ಗೆ ಬಂದ ಟೀಕೆಯನ್ನು ಸಹಿಸಿಯಾನು, ಕಾರಿನ ಬಗ್ಗೆ ಬಂದದ್ದನ್ನು ಸಹಿಸಲಾರ. ಅಂದೇ ನರಹರಿ ಅಂತರ್ಜಾಲದಲ್ಲಿ ಹುಡುಕಿ, ಕಾರಿನ ಹೊರಗಿನ ಎಲ್ಲ ಬಲ್ಬುಗಳಿಗೂ ಬದಲಿಯಾಗಬಲ್ಲ ಎಲ್‌ಇಡಿ ಸೆಟ್ಟೊಂದನ್ನು ತರಿಸಿದ. ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ 'ಮೂರು ಪಟ್ಟು ಬೆಳಕು' ಎಂದಿತ್ತು. ಅಡಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ 'ಸಾರ್ವಜನಿಕ ರಸ್ತೆಗಳಲ್ಲಿ ಬಳಸತಕ್ಕದ್ದಲ್ಲ' ಎಂದಿತ್ತು. ಚಿಕ್ಕಕ್ಷರಗಳನ್ನು ಓದದಿರುವುದು ಈ ಕಾಲದ ಮಹಾಪಾತಕಗಳಲ್ಲೊಂದು. ನರಹರಿ ಡಬ್ಬಿಯನ್ನು ಮಡಚಿ ಕಾಗದದ ಡಬ್ಬಿಗೆ ಹಾಕಿದ. ಅದರಲ್ಲಿ ಮಾತ್ರ ತಪ್ಪಲಿಲ್ಲ.

ಹಳೆಯ ಬಲ್ಬು ತೆಗೆದು ಹೊಸದನ್ನು ಕೂರಿಸುವ ಕೆಲಸ ವಿಡಿಯೋದಲ್ಲಿ ನಾಲ್ಕು ನಿಮಿಷದ್ದಾಗಿತ್ತು. ಮೂರನೆಯ ಗಂಟೆಯಲ್ಲಿ ಹೆಂಡತಿ ವತ್ಸಲಾ ಬಾಗಿಲಿಗೆ ಬಂದಳು.

"ರೀ, ಆಗಿನಿಂದ ಬಾನೆಟ್ಟಿನೊಳಗೆ ಮೊಣಕೈವರೆಗೆ ಕೈಹಾಕಿಕೊಂಡು ನಿಂತಿದ್ದೀರಲ್ಲ, ಕರು ಅಡ್ಡ ಸಿಕ್ಕಿಕೊಂಡಿದೆಯಾ?"

"ಒಂದು ತಂತಿ ಕ್ಲಿಪ್ಪಿದೆ ಕಣೇ. ಅದು ಕೂತರೆ ಮುಗೀತು."

ಕ್ಲಿಪ್ಪು ಕೂತಿತು. ದೀಪ ಹತ್ತಿತು. ಎದುರುಮನೆಯ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸಬಹುದಾದಂಥ ಬೆಳಕು! ವತ್ಸಲಾ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಒಳಗೆ ಹೋದಳು. ಅದನ್ನು ನರಹರಿ ಆನಂದಬಾಷ್ಪವೆಂದು ಭಾವಿಸಿದ.

ಆಕ್ಷೇಪಿಸಿದ್ದು ಕಾರು ಮಾತ್ರ. ಹೊಸ ಬಲ್ಬುಗಳು ಎಳೆಯುವ ವಿದ್ಯುತ್ತು ಬಹಳ ಕಡಿಮೆಯಾದ್ದರಿಂದ ಆ ಹಳೆಯ ಯಂತ್ರ ಎಲ್ಲ ಬಲ್ಬುಗಳೂ ಸತ್ತವೆಂದು ತಿಳಿದು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಗುರುತು ತೋರಿಸಿತು. ತಿರುವಿನ ದೀಪಗಳಂತೂ ತಾಳ ತಪ್ಪಿ ದ್ರುತಗತಿಯಲ್ಲಿ ಮಿಟುಕತೊಡಗಿದವು. ನರಹರಿ ಎಚ್ಚರಿಕೆಯ ಗುರುತಿನ ಮೇಲೆ ಗಣಪತಿಯ ಚಿಕ್ಕ ಸ್ಟಿಕ್ಕರ್ ಅಂಟಿಸಿದ. ನಿಜ ನುಡಿಯುವ ಸಾಕ್ಷಿಯ ಬಾಯಿಗೆ ದೇವರನ್ನೇ ಅಡ್ಡ ಹಿಡಿಯುವ ಈ ಅಭ್ಯಾಸವನ್ನು ಎಷ್ಟು ಖಂಡಿಸಿದರೂ ಕಡಿಮೆಯೇ.

ಸೋಮವಾರ ಸಂಜೆ ಐದೂವರೆಗೆ, ಕತ್ತಲಾಗುತ್ತಿರುವಾಗ, ನರಹರಿ ಕಚೇರಿಯಿಂದ ಹೊರಟ. ಎದುರಿನಿಂದ ಬಂದ ಮೊದಲ ಕಾರು ತನ್ನ ದೀಪವನ್ನು ಎರಡು ಬಾರಿ ಮಿಟುಕಿಸಿತು. ಎರಡನೆಯದೂ ಮಿಟುಕಿಸಿತು. ಒಂದು ಲಾರಿ ಐದು ಬಾರಿ ಮಿಟುಕಿಸಿ ಹಾರ್ನನ್ನೂ ಬಾರಿಸಿತು.

ಇಲ್ಲಿ ಓದುಗರು ಒಂದು ವಿಷಯವನ್ನು ಗಮನಿಸಬೇಕು. ನಮ್ಮ ಕಡೆ ಎದುರಿನವನು ದೀಪ ಮಿಟುಕಿಸಿದರೆ 'ನಾನು ಬರುತ್ತಿದ್ದೇನೆ, ಬದುಕುವ ಆಸೆಯಿದ್ದರೆ ಸರಿ' ಎಂದರ್ಥ. ಹಾಲೆಂಡಿನಲ್ಲಿ ಹಾಗಲ್ಲ, ಕೂಡುರಸ್ತೆಯಲ್ಲಿ ಒಬ್ಬರು ದೀಪ ಮಿಟುಕಿಸಿದರೆ 'ದಯವಿಟ್ಟು ತಾವು ಮೊದಲು' ಎಂಬ ಸೌಜನ್ಯ. ಇದನ್ನು ಕಲಿಯಲು ನರಹರಿಗೆ ಒಂದು ವರ್ಷ ಹಿಡಿದಿತ್ತು. ಕಷ್ಟಪಟ್ಟು ಕಲಿತದ್ದನ್ನು ಅವನು ಗಟ್ಟಿಯಾಗಿ ನಂಬಿದ್ದ. ಆದ್ದರಿಂದ ಆ ಸಂಜೆ ಇಪ್ಪತ್ಮೂರು ವಾಹನಗಳು ತನಗೆ ದಾರಿ ಬಿಟ್ಟುಕೊಟ್ಟವೆಂದು ಲೆಕ್ಕ ಹಾಕಿದ. ನೇರ ರಸ್ತೆಯಲ್ಲಿ ಬಿಟ್ಟುಕೊಡಲು ದಾರಿ ಯಾವುದಿತ್ತೆಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಮರ್ಯಾದಸ್ಥನಾದ್ದರಿಂದ ಪ್ರತಿಯೊಬ್ಬರಿಗೂ ತನ್ನ ಹೈಬೀಮ್ ಎಂಬ ದೂರದ ದೀಪವನ್ನು ಹಾಕಿ, ಆರಿಸಿ, ಕೈಯೆತ್ತಿ ಪ್ರತಿವಂದನೆ ಸಲ್ಲಿಸಿದ.

ಮನೆಗೆ ಬಂದವನೇ ಹೇಳಿದ: "ಈ ಜನ ನೋಡು ವತ್ಸಲಾ, ಒಳ್ಳೆಯದನ್ನು ಕಂಡರೆ ಹೊಟ್ಟೆಕಿಚ್ಚುಪಡುವವರಲ್ಲ. ಲಾರಿಯವನು ಸಹ!"

"ಎದುರುಮನೆಯವರು ಇವತ್ತು ಪರದೆ ಎಳೆದುಕೊಂಡಿದ್ದಾರೆ ಕಣ್ರೀ. ನಾಲ್ಕು ವರ್ಷದಲ್ಲಿ ನಾನು ನೋಡೇ ಇರಲಿಲ್ಲ."

ಡಚ್ಚರು ಕಿಟಕಿಗೆ ಪರದೆ ಎಳೆಯುವವರಲ್ಲ. ಅವರ ಸೋಫಾ, ಬೆಕ್ಕು, ಊಟದ ತಟ್ಟೆಗಳೆಲ್ಲ ದಾರಿಹೋಕರಿಗೆ ತೆರೆದಿರುತ್ತವೆ. ನರಹರಿ ಕಾರು ನಿಲ್ಲಿಸುವ ಜಾಗದ ನೇರಕ್ಕಿದ್ದ ಮನೆಯಾತ ಎರಡು ಸಂಜೆ ಕಿಟಕಿಯಲ್ಲಿ ನಿಂತು ಕಣ್ಣಿನ ಮುಂದೆ ಎರಡೂ ಕೈ ಆಡಿಸಿದ. ನರಹರಿಯೂ ಕಾರಿನೊಳಗಿಂದ ಎರಡೂ ಕೈ ಆಡಿಸಿದ. ಮೂರನೆಯ ಸಂಜೆ ಪರದೆ ಬಂತು. ಚಳಿಗಾಲ ಬಂತಲ್ಲ, ಅದಕ್ಕೇ ಎಂದು ನರಹರಿ ವಿವರಿಸಿದ.

ಸುದ್ದಿ, ಬಲ್ಬಿನ ಶಿಫಾರಸಿನೊಡನೆ, ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ತಿಂಗಳ ಕೂಟದಲ್ಲಿ, ಪುಳಿಯೋಗರೆಯ ಸಾಲಿನಲ್ಲಿ ನಿಂತಿದ್ದಾಗ, ನರಹರಿ ಡಚ್ಚರ ಸೌಜನ್ಯದ ಮೇಲೆ ಹದಿನೈದು ನಿಮಿಷ ಮಾತನಾಡಿದ. ಮಗಳ ಬಾಣಂತನಕ್ಕೆಂದು ಬಂದಿದ್ದ ರಾಜಮ್ಮನವರೊಬ್ಬರೇ ಸಂಶಯಪಟ್ಟವರು.

"ಅಷ್ಟು ಜನ ಒಟ್ಟಿಗೆ ಹೊಗಳ್ತಾರೆ ಅಂದರೆ, ಯಾಕೋ ಬೈತಿರಬಹುದು ನೋಡಪ್ಪ," ಎಂದರು.

"ಛೆ ಛೆ, ಇಲ್ಲಿ ಬೈಯೋದಾದರೆ ಬಾಯಲ್ಲೇ ಬೈತಾರೆ ಅಮ್ಮ."

ಅನುಭವವೃದ್ಧರ ಮಾತನ್ನು ತಳ್ಳಿಹಾಕಿದ್ದು ಅವನ ಎರಡನೆಯ ತಪ್ಪು.

ಅವನ ಬೀದಿಯ ಕೊನೆಯ ಮನೆಯಲ್ಲಿ ತ್ರೂಸ್ ಎಂಬ ಎಪ್ಪತ್ತೇಳು ವರ್ಷದ ಮಹಿಳೆ ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಮೆವ್ರೌ ತ್ರೂಸ್ ಎನ್ನುತ್ತಿದ್ದರು. ಮೆವ್ರೌ ಎಂದರೆ ನಾವು ಅಮ್ಮಾವರೇ ಎಂದ ಹಾಗೆ. ನರಹರಿ ಎಂಬ ಹೆಸರು ನಾಲಿಗೆಗೆ ಹೊರಳದೆ ಅವರು ಅವನನ್ನು ಹ್ಯಾರಿ ಎನ್ನುತ್ತಿದ್ದರು. ಅವರಿಗಿದ್ದ ಒಬ್ಬಳೇ ತಂಗಿ ರೀಟ್, ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯೊಂದರ ವೃದ್ಧರ ಆರೈಕೆ ಮನೆಯಲ್ಲಿದ್ದಳು. ಸಂಜೆಯ ಹೊತ್ತು ಅಲ್ಲಿಗೆ ಬಸ್ಸಿಲ್ಲ. ಮಂಗಳವಾರ ಮತ್ತು ಶುಕ್ರವಾರ, ಐದೂವರೆಗೆ, ತ್ರೂಸ್ ತಮ್ಮ ಪುಟ್ಟ ಹಸಿರು ಕಾರಿನಲ್ಲಿ ಕಾಲುವೆಯ ಪಕ್ಕದ ರಸ್ತೆ ಹಿಡಿದು ಹೋಗುತ್ತಿದ್ದರು. ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ, ಎದುರಿನಿಂದ ನರಹರಿ ಮನೆಗೆ ಬರುತ್ತಿದ್ದ.

ನವೆಂಬರ್ ಎರಡನೆಯ ವಾರ ಅವರು ಬೇಲಿಯ ಬಳಿ ನರಹರಿಯನ್ನು ನಿಲ್ಲಿಸಿದರು.

"ಹ್ಯಾರಿ, ನನ್ನ ಕಣ್ಣು ಮುಗಿಯಿತು. ಸಂಜೆ ಕಾರು ಓಡಿಸುವಾಗ ಒಮ್ಮೆಲೆ ಎಲ್ಲ ಬೆಳ್ಳಗಾಗುತ್ತದೆ. ಏನೂ ಕಾಣುವುದಿಲ್ಲ."

"ಅಯ್ಯೋ, ಯಾವಾಗಲೂ ಹಾಗೇನಾ ಮೆವ್ರೌ?"

"ಕಾಲುವೆಯ ತಿರುವಿನಲ್ಲಿ. ಮಂಗಳವಾರ, ಶುಕ್ರವಾರ."

ವಾರ ತಿಥಿ ನೋಡಿಕೊಂಡು ಬರುವ ಕಣ್ಣಿನ ರೋಗವನ್ನು ವೈದ್ಯಶಾಸ್ತ್ರ ಇನ್ನೂ ಕಂಡುಹಿಡಿದಿಲ್ಲ. ಆದರೆ ನರಹರಿಗೆ ವಾದಕ್ಕಿಂತ ಕರುಣೆ ಬೇಗ ಬರುತ್ತಿತ್ತು. ಅವನ ಕಣ್ಣು ತುಂಬಿತು. ವತ್ಸಲಾ ಕ್ಯಾರೆಟ್ ಕೋಸಂಬರಿ ಮಾಡಿ ಕಳಿಸಿದಳು. ಕಾರಿನಲ್ಲಿ ತಾನೇ ಕರೆದೊಯ್ಯುವೆನೆಂದು ನರಹರಿ ಹೇಳಿದಾಗ ತ್ರೂಸ್ ಕೋಲಿನಂತೆ ನೆಟ್ಟಗಾದರು.

"ನಾನು ಸಾಮಾನಲ್ಲ. ನನ್ನ ತಂಗಿಯ ಬಳಿಗೆ ನಾನೇ ಓಡಿಸಿಕೊಂಡು ಹೋಗಬಲ್ಲೆನಾದರೆ ಹೋಗುತ್ತೇನೆ. ಇಲ್ಲವಾದರೆ ಕಾರು ಮಾರುತ್ತೇನೆ."

"ಹಾಗಾದರೆ ನೀವೇ ಓಡಿಸಿ ಮೆವ್ರೌ. ನಾನು ಹಿಂದಿನಿಂದ ಬರ್ತೇನೆ. ನನ್ನ ದೀಪ ಇದೆಯಲ್ಲ, ಇಡೀ ರಸ್ತೆ ಹಗಲಾಗತ್ತೆ!"

ಈ ಮಾತನ್ನು ಅವನು ಶುದ್ಧಾಂತಃಕರಣದಿಂದಲೇ ಆಡಿದನೆಂಬುದನ್ನು ಇಲ್ಲಿ ದಾಖಲಿಸಬೇಕು. ಪರರ ದಾರಿಗೆ ಬೆಳಕಾಗಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಎಷ್ಟು ದೂರ ನಿಂತು ಎಂಬುದನ್ನು ಕಲಿಸುವುದಿಲ್ಲ.

ಶುಕ್ರವಾರ ಸಂಜೆ ಮೆರವಣಿಗೆ ಹೊರಟಿತು. ಮುಂದೆ ಹಸಿರು ಕಾರು, ಹಿಂದೆ ಸೂರ್ಯ. ತ್ರೂಸರ ಮೂರೂ ಕನ್ನಡಿಗಳು ಬೆಳಕಿನಿಂದ ತುಂಬಿದವು. ಅವರು ವೇಗ ತಗ್ಗಿಸಿದರು. ಪಾಪ, ಕಾಣುತ್ತಿಲ್ಲ ಎಂದುಕೊಂಡು ನರಹರಿ ಇನ್ನಷ್ಟು ಬೆಳಕು ಸಿಗಲೆಂದು ಹತ್ತಿರ ಹೋದ. ಅವರು ಮತ್ತೂ ತಗ್ಗಿಸಿದರು. ಇವನು ಮತ್ತೂ ಹತ್ತಿರ ಹೋಗಿ, ಸಾಲದೆಂದು ದೂರದ ದೀಪವನ್ನೂ ಹಾಕಿದ. ಹಸಿರು ಕಾರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಾಡಿ, ರಸ್ತೆ ಬಿಟ್ಟು ಹುಲ್ಲಿಗಿಳಿದು, ಕಾಲುವೆಯ ನೀರಿಗೆ ಇನ್ನೊಂದು ಮೊಳವಿದೆಯೆನ್ನುವಾಗ ನಿಂತಿತು.

ನರಹರಿ ಓಡಿಹೋಗಿ ಬಾಗಿಲು ತೆರೆದ. ತ್ರೂಸ್ ಸ್ಟಿಯರಿಂಗ್ ಹಿಡಿದ ಕೈಯನ್ನು ಸಡಿಲಿಸಿರಲಿಲ್ಲ.

"ಕೇಳು ಹ್ಯಾರಿ," ಎಂದರು ಮೆಲ್ಲಗೆ, "ನೀನು ಅಷ್ಟು ಬೆಳಕು ಕೊಟ್ಟರೂ ನನಗೆ ಕಾಣಲಿಲ್ಲ. ಇನ್ನು ಅನುಮಾನವೇ ಇಲ್ಲ."

ಮರುದಿನ ಹಸಿರು ಕಾರಿನ ಗಾಜಿಗೆ 'ಮಾರಾಟಕ್ಕಿದೆ' ಎಂಬ ಚೀಟಿ ಬಿತ್ತು. ಚಾಲನಾ ಪರವಾನಗಿಯನ್ನು ನವೀಕರಿಸುವುದಿಲ್ಲವೆಂದು ತ್ರೂಸ್ ತಂಗಿಗೆ ಫೋನಿನಲ್ಲಿ ತಿಳಿಸಿದರು. ಎರಡು ವಾರ ಅವರು ಎಲ್ಲಿಗೂ ಹೋಗಲಿಲ್ಲ. ಟಿಲ್‌ಬರ್ಗಿನಿಂದ ಒಬ್ಬ ತರುಣ ಶುಕ್ರವಾರ ಸಂಜೆ ಬಂದು ಕಾರು ಕೊಂಡುಹೋಗುವುದೆಂದು ಗೊತ್ತಾಯಿತು.

ಅದೇ ಶುಕ್ರವಾರ ಮಧ್ಯಾಹ್ನ ನರಹರಿ ತನ್ನ ಕಾರನ್ನು ವಾರ್ಷಿಕ ತಪಾಸಣೆಗೆ ಗ್ಯಾರೇಜೊಂದಕ್ಕೆ ಒಯ್ದಿದ್ದ. ಕಾರಿನ ಬ್ರೇಕು, ಟೈರು, ದೀಪಗಳನ್ನೆಲ್ಲ ಪರೀಕ್ಷಿಸುವ ಈ ತಪಾಸಣೆಗೆ ಇಲ್ಲಿ ಎಪಿಕೆ ಎನ್ನುತ್ತಾರೆ; ಅದರಲ್ಲಿ ಪಾಸಾಗದ ಕಾರು ರಸ್ತೆಗೆ ಅನರ್ಹ. ತಪಾಸಣೆಗಾರ ದೀಪದ ಮುಂದೆ ಅಳತೆಯ ಪೆಟ್ಟಿಗೆಯೊಂದನ್ನು ಇಟ್ಟು, ಇಣುಕಿ, ಥಟ್ಟನೆ ತಲೆ ಹಿಂದಕ್ಕೆಳೆದುಕೊಂಡ.

"ಇದನ್ನು ಹಾಕಿಕೊಂಡು ನೀವು ರಸ್ತೆಯಲ್ಲಿ ಓಡಾಡಿದ್ದೀರಾ?"

"ಐದು ವಾರದಿಂದ," ಎಂದ ನರಹರಿ ಹೆಮ್ಮೆಯಿಂದ. "ಎಲ್ಲರಿಗೂ ಬಹಳ ಇಷ್ಟ. ಎದುರು ಬರುವವರೆಲ್ಲ ವಂದನೆ ಮಾಡ್ತಾರೆ."

"ವಂದನೆಯೇ? ಹೇಗೆ?"

"ದೀಪ ಮಿಟುಕಿಸಿ. ಕೆಲವರು ಹಾರ್ನ್ ಕೂಡ ಮಾಡ್ತಾರೆ."

ತಪಾಸಣೆಗಾರ ಅಳತೆಯ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ ಒಳಗಿದ್ದ ಇಬ್ಬರು ಸಹೋದ್ಯೋಗಿಗಳನ್ನು ಕರೆದ. "ಮತ್ತೊಮ್ಮೆ ಹೇಳಿ ಸ್ವಾಮಿ, ಇವರೂ ಕೇಳಲಿ."

ನಗು ತೀರಿದ ಮೇಲೆ ಆತ ಸಭ್ಯನಾಗಿಯೇ ವಿವರಿಸಿದ. ಈ ಕಾರಿನ ದೀಪದ ಬಟ್ಟಲನ್ನು ಹಳೆಯ ಬಲ್ಬಿನ ತಂತಿಗೆಂದು ರೂಪಿಸಲಾಗಿದೆ. ಹೊಸ ಬಲ್ಬು ಇಟ್ಟರೆ ಬೆಳಕು ರಸ್ತೆಯ ಮೇಲೆ ಬೀಳದೆ ಎಲ್ಲೆಡೆ ಚೆದರುತ್ತದೆ. ಗೋಡೆಯ ಮೇಲೆ ತೋರಿಸಿದ: ಅಂಚಿಲ್ಲ, ಗೆರೆಯಿಲ್ಲ, ಚೆಲ್ಲಿದ ಹಾಲಿನ ಹಾಗೆ.

"ಇದೆಲ್ಲ ಎಲ್ಲಿಗೆ ಹೋಗತ್ತೆ?" ಎಂದು ಕೇಳಿದ ನರಹರಿ.

"ಎದುರಿನವರ ಕಣ್ಣಿಗೆ. ಅವರಿಗೆ ಎಲ್ಲ ಬೆಳ್ಳಗಾಗುತ್ತದೆ. ಏನೂ ಕಾಣುವುದಿಲ್ಲ."

ಈ ಮಾತುಗಳನ್ನು ನರಹರಿ ಹಿಂದೆ ಕೇಳಿದ್ದ. ಬೇಲಿಯ ಬಳಿ ಕೇಳಿದ್ದ. ತಪಾಸಣೆಗಾರ ಬರೆದುಕೊಟ್ಟ 'ಅನುತ್ತೀರ್ಣ' ಎಂಬ ಕಾಗದವನ್ನು ಜೇಬಿಗೆ ತುರುಕಿ, ಇನ್ನೂ ಹಗಲಿದ್ದುದರಿಂದ ದೀಪ ಹಾಕದೆ, ನೇರವಾಗಿ ಮನೆಯ ದಾರಿ ಹಿಡಿದ.

ಮಾರ್ಗಮಧ್ಯದಲ್ಲಿ ಅವನಿಗೊಂದು ಸುಲಭೋಪಾಯ ಹೊಳೆದಿರಬಹುದು: ಸದ್ದಿಲ್ಲದೆ ಬಲ್ಬು ಬದಲಿಸಿ, 'ಮೆವ್ರೌ, ಇನ್ನೊಮ್ಮೆ ಪ್ರಯತ್ನಿಸಿ' ಎಂದರೆ ಸಾಕಿತ್ತು; ಕೋಸಂಬರಿಗೆ ಕೀರ್ತಿ ಬರುತ್ತಿತ್ತು. ನಮ್ಮ ನಡುವಿನ ಗಣ್ಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದನ್ನೇ ಮಾಡುತ್ತಿದ್ದರು. ನರಹರಿ ನೇರವಾಗಿ ತ್ರೂಸರ ಅಂಗಳಕ್ಕೆ ನುಗ್ಗಿದ. ಅಲ್ಲಿ ಟಿಲ್‌ಬರ್ಗಿನ ತರುಣ ಕೀಲಿಕೈಗಾಗಿ ಕೈಚಾಚಿ ನಿಂತಿದ್ದ.

"ಕೊಡಬೇಡಿ! ಮೆವ್ರೌ, ನಿಮ್ಮ ಕಣ್ಣು ಸರಿಯಾಗಿದೆ. ತಪ್ಪು ನನ್ನದು. ನನ್ನ ದೀಪದ್ದು."

ತ್ರೂಸ್ ಅವನ ಕೆನ್ನೆ ತಟ್ಟಿದರು. "ನೀನು ಒಳ್ಳೆಯವನು ಹ್ಯಾರಿ. ಮುದುಕಿಗೆ ಸಮಾಧಾನವಾಗಲೆಂದು ಸುಳ್ಳು ಹೇಳಲು ಬಂದಿದ್ದೀಯ."

"ಸುಳ್ಳಲ್ಲ! ನೋಡಿ, ಕಾಗದ ಕೊಟ್ಟಿದ್ದಾರೆ, ಫೇಲಾಗಿದ್ದೇನೆ!"

"ಹದಿನಾಲ್ಕು ವರ್ಷದ ಕಾರು. ಎಲ್ಲವೂ ಫೇಲಾಗುತ್ತವೆ."

"ಮೆವ್ರೌ, ನಿಮ್ಮನ್ನು ಕಾಲುವೆಗೆ ತಳ್ಳಿದ್ದು ನಾನು!"

"ನೀನು ಓಡಿಬಂದು ಬಾಗಿಲು ತೆರೆದವನು," ಎಂದು ತ್ರೂಸ್ ತರುಣನ ಕಡೆ ತಿರುಗಿದರು. "ಇವರ ದೇಶದಲ್ಲಿ ಹಿರಿಯರಿಗೆ ಹೀಗೆ ಬಹಳ ಮರ್ಯಾದೆ ಕೊಡುತ್ತಾರೆ."

ಸುಳ್ಳು ಹೇಳಿ ನಂಬಿಸುವುದು ಈ ಜಗತ್ತಿನಲ್ಲಿ ಎಷ್ಟು ಸುಲಭವೋ, ತಪ್ಪೊಪ್ಪಿಕೊಂಡು ನಂಬಿಸುವುದು ಅಷ್ಟೇ ಕಷ್ಟ. ನರಹರಿ ತರುಣನಿಗೆ ಕೈ ಮುಗಿದ. "ಒಂದೇ ಒಂದು ಗಂಟೆ ಕೊಡಿ ಸಾರ್. ನಾನು ಅಪರಾಧಿ ಅಂತ ತೋರಿಸ್ತೇನೆ." ಆಮೇಲೆ ತನ್ನ ಮನೆಯ ಕಡೆ ತಿರುಗಿ ಕೂಗಿದ: "ವತ್ಸಲಾ! ಹಳೇ ಬಲ್ಬು ತಗೊಂಡು ಬಾರೇ! ದಪ್ಪ ಟವೆಲ್ಲೂ!"

ವತ್ಸಲಾ ಹಳೆಯ ಬಲ್ಬುಗಳನ್ನು ಬಿಸಾಡದೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟಿದ್ದಳು. ಯಾವುದನ್ನೂ ಬಿಸಾಡದ ನಮ್ಮ ಹೆಣ್ಣುಮಕ್ಕಳಿಂದಲೇ ಸಂಸಾರಗಳೂ ಸತ್ಯವೂ ಇನ್ನೂ ಉಳಿದಿವೆ. ನರಹರಿ ಬಾನೆಟ್ಟೆತ್ತಿ ಎಡಗಡೆಯ ದೀಪಕ್ಕೆ ಕೈಹಾಕಿದ. ಬೆರಳ ಗೆಣ್ಣುಗಳ ಚರ್ಮ ಹೋಯಿತು. ಇಡೀ ಬೀದಿ ಹೊರಗೆ ಬಂತು; ಐದು ವಾರಗಳಿಂದ ಮುಚ್ಚಿದ್ದ ಎದುರುಮನೆಯ ಪರದೆಯೂ ಸರಿಯಿತು. ನಲವತ್ತು ನಿಮಿಷವಾದಾಗ ಒಂದು ಕಡೆ ಹಳೆಯ ಹಳದಿ ದೀಪ, ಇನ್ನೊಂದು ಕಡೆ ಹೊಸ ಬಿಳಿ ದೀಪ. ಅಷ್ಟರಲ್ಲಿ ಕತ್ತಲಾಗಿತ್ತು.

ತ್ರೂಸರನ್ನು ಅವರ ಹಸಿರು ಕಾರಿನಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ, ಎದುರುಬದುರಾಗಿ ಕೂರಿಸಲಾಯಿತು. ಕಣ್ಣಿನ ಡಾಕ್ಟರು ಒಂದು ಕಣ್ಣು ಮುಚ್ಚಿಸುವಂತೆ, ವತ್ಸಲಾ ಕಾರಿನ ಬಿಳಿ ದೀಪಕ್ಕೆ ಟವೆಲ್ ಅಡ್ಡ ಹಿಡಿದಳು. ನರಹರಿ ಎರಡೂ ಕಾರುಗಳ ನಡುವೆ ಹೋಗಿ, ರಸ್ತೆಯ ಅಂಚಿನಲ್ಲಿ ನಿಂತ.

"ನಾನು ಕಾಣ್ತಿದ್ದೇನಾ ಮೆವ್ರೌ?"

"ಕಾಣುತ್ತೀಯ. ಅಂಗಿಯ ಗುಂಡಿ ತಪ್ಪು ಹಾಕಿಕೊಂಡಿದ್ದೀಯ."

ಬೀದಿಯವರು ನಕ್ಕರು. ವತ್ಸಲಾ ಟವೆಲ್ಲನ್ನು ಹಳದಿ ದೀಪಕ್ಕೆ ಬದಲಿಸಿದಳು.

"ಈಗ?"

ತ್ರೂಸ್ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಮೆವ್ರೌ, ಈಗ ನಾನು ಎಲ್ಲಿದ್ದೇನೆ?"

"ಎಲ್ಲಿಯೂ ಇಲ್ಲ," ಎಂದರು ತ್ರೂಸ್. ಒಡನೆಯೇ, "ಆದರೆ ಅದು ನನ್ನ ಕಣ್ಣೇ ಇರಬಹುದು," ಎಂದರು.

ಆಗ ಟಿಲ್‌ಬರ್ಗಿನ ತರುಣ ಯಾರೂ ಕೇಳದೆ ಅವರ ಪಕ್ಕದ ಸೀಟಿನಲ್ಲಿ ಹೋಗಿ ಕುಳಿತ. ಮುಂಗೈಯಿಂದ ಮುಖ ಮರೆಮಾಡಿಕೊಂಡು ಅಷ್ಟೇ ಬೇಗ ಇಳಿದ. "ನನಗೂ ಏನೂ ಕಾಣಲಿಲ್ಲ. ನನಗೆ ಇಪ್ಪತ್ತೊಂಬತ್ತು ವರ್ಷ."

ಎದುರುಮನೆಯಾತ ಮುಂದೆ ಬಂದ. "ನನಗೂ ಕಾಣುವುದಿಲ್ಲ. ಐದು ವಾರದಿಂದ ನನ್ನ ಬೆಕ್ಕಿಗೂ ಕಾಣುವುದಿಲ್ಲ."

"ಮೊದಲೇ ಹೇಳಬಾರದಾಗಿತ್ತೇ?" ಎಂದ ನರಹರಿ ಕಂಗಾಲಾಗಿ.

"ಕೈಬೀಸಿ ಹೇಳಿದೆ. ನೀನೂ ಕೈಬೀಸಿದೆ."

ನಿರಪರಾಧಿಯೆಂದು ಸಾಬೀತುಮಾಡಲು ಹೆಣಗುವವರಿಂದ ನ್ಯಾಯಾಲಯಗಳು ತುಂಬಿಹೋಗಿವೆ. ಅಪರಾಧಿಯೆಂದು ಸಾಬೀತುಮಾಡಲು ಬೆರಳ ಚರ್ಮ ಕಳೆದುಕೊಂಡು, ಗುಂಡಿ ತಪ್ಪಿದ ಅಂಗಿಯಲ್ಲಿ ನಡುಬೀದಿಯಲ್ಲಿ ನಿಂತು, ಪ್ರತಿಕೂಲ ಸಾಕ್ಷಿಗಳು ಒಬ್ಬೊಬ್ಬರಾಗಿ ಮುಂದೆ ಬಂದಂತೆಲ್ಲ ಮುಖ ಅರಳಿಸಿದ ಇನ್ನೊಬ್ಬ ಮನುಷ್ಯನನ್ನು ಈ ಲೇಖಕ ಕಂಡಿಲ್ಲ. ನರಹರಿ ಅಲ್ಲಿಯೇ ನಿಂತು ರಾಟರ್‌ಡ್ಯಾಮಿಗೆ ಫೋನು ಮಾಡಿ ಮುರಳೀಧರನಿಗೂ ಹೇಳಿದ: "ಗುಂಪಿನಲ್ಲಿ ಹಾಕು. ನನ್ನ ಮಾತು ಕೇಳಿ ಯಾರಾದರೂ ಈ ಬಲ್ಬು ತರಿಸಿದ್ದರೆ ಹಾಕಬೇಡಿ ಅಂತ. ನನ್ನ ಹೆಸರು ಹಾಕಿಯೇ ಬರಿ."

"ಹೆಸರು ಯಾಕೆ ಮಾರಾಯ? ಮರ್ಯಾದೆ ಹೋಗ್ತದೆ ನಿಂದು."

"ಆ ಬಲ್ಬನ್ನು ಹೊಗಳಿದ್ದೂ ನನ್ನ ಹೆಸರಲ್ಲೇ ಅಲ್ಲವೇನೋ."

ತ್ರೂಸ್ ಕಾರಿನಿಂದಿಳಿದು ಗಾಜಿನ ಮೇಲಿನ ಚೀಟಿಯನ್ನು ಕಿತ್ತರು. ತರುಣನ ಕೈ ಕುಲುಕಿದರು. ಅವನು ಬರಿಗೈಯಲ್ಲಿ, ಆದರೆ ವತ್ಸಲಾ ಕೊಟ್ಟ ಚಕ್ಕುಲಿ ತಿನ್ನುತ್ತ ರೈಲ್ವೆ ನಿಲ್ದಾಣದ ಕಡೆ ನಡೆದ. ಆಮೇಲೆ ತ್ರೂಸ್ ನರಹರಿಯ ಎದುರು ಬಂದು ನಿಂತು, ಇಂಥ ಸಂದರ್ಭದಲ್ಲಿ ಡಚ್ಚರು ಹೇಳಬೇಕಾದದ್ದನ್ನು ಡಚ್ಚರು ಹೇಳುವ ಹಾಗೆಯೇ ಹೇಳಿದರು.

"ನೀನು ಮೂರ್ಖ, ಹ್ಯಾರಿ. ನಾನು ಸಾಯಬಹುದಿತ್ತು."

"ಹೌದು ಮೆವ್ರೌ."

"ಎರಡು ವಾರ ನನ್ನ ತಂಗಿ ಒಬ್ಬಳೇ ಕೂತಿದ್ದಾಳೆ."

"ಹೌದು ಮೆವ್ರೌ."

"ಕಾರು ಹತ್ತು. ಅವಳಿಗೆ ನೀನೇ ಬಂದು ಹೇಳಬೇಕು."

ನರಹರಿ ಹೆಂಡತಿಯ ಮುಖ ನೋಡಿದ. "ಹೋಗಿ ಬನ್ನಿ," ಎಂದಳು ವತ್ಸಲಾ, ಟವೆಲ್ ಮಡಚುತ್ತ. "ಗುಂಡಿ ಸರಿ ಮಾಡಿಕೊಂಡು ಹೋಗಿ."

ಕಾಲುವೆಯ ಪಕ್ಕದ ರಸ್ತೆಯಲ್ಲಿ ಹಸಿರು ಕಾರು ನೆಟ್ಟಗೆ ಸಾಗಿತು. ತಿರುವಿನಲ್ಲಿ ತ್ರೂಸ್ ಮೆಲ್ಲಗೆ ಬ್ರೇಕ್ ಒತ್ತಿದರು. ಕಪ್ಪು ಕೋಟು ತೊಟ್ಟು ದೀಪವಿಲ್ಲದೆ ಸೈಕಲ್ ತುಳಿಯುತ್ತಿದ್ದವನೊಬ್ಬ ಅಡ್ಡ ಹಾಯ್ದುಹೋದ. ಕಿಟಕಿ ಇಳಿಸಿ ಅವನಿಗೆ ಎರಡು ಮಾತು ಬೈದು, ಮತ್ತೆ ಏರಿಸಿದರು.

"ನಿನಗೆ ಅವನು ಕಂಡನೇ?"

ಆ ಸಂಜೆ ಸತ್ಯ ಹೇಳುವುದು ಅಭ್ಯಾಸವಾಗಿಬಿಟ್ಟಿದ್ದರಿಂದ ನರಹರಿ, "ಇಲ್ಲ ಮೆವ್ರೌ," ಎಂದ.

ತ್ರೂಸರ ಬೆನ್ನು ಇನ್ನಷ್ಟು ನೆಟ್ಟಗಾಯಿತು, ಕಾರಿನ ವೇಗ ಇನ್ನೊಂದಿಷ್ಟು ಹೆಚ್ಚಾಯಿತು.

ಆರೈಕೆ ಮನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ರೀಟ್ ಹೊದಿಕೆ ಹೊದ್ದು ಕುಳಿತಿದ್ದಳು. ಬಾಗಿಲು ತೆರೆದಾಗ ಮೊದಲು ಅಕ್ಕನನ್ನು ನೋಡಿದಳು. ಅಕ್ಕನ ಕೈಯಲ್ಲಿದ್ದ ಕಾರಿನ ಕೀಲಿಕೈಯನ್ನು ನೋಡಿದಳು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು.

"ನಿನ್ನ ಕಣ್ಣು?" ಎಂದಳು ಕೊನೆಗೆ.

ತ್ರೂಸ್ ಪಕ್ಕಕ್ಕೆ ಸರಿದು, ಹಿಂದೆ ಕೈಕಟ್ಟಿ ನಿಂತಿದ್ದ ನರಹರಿಯನ್ನು ತೋಳು ಹಿಡಿದು ಮುಂದಕ್ಕೆ ತಂದರು.

"ನನ್ನ ಕಣ್ಣಿನ ಕಾಯಿಲೆಯನ್ನು ಕರೆದುಕೊಂಡೇ ಬಂದಿದ್ದೇನೆ. ನೋಡು."

ರೀಟ್ ಕನ್ನಡಕ ಸರಿಪಡಿಸಿಕೊಂಡು ಕಾಯಿಲೆಯನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿದಳು. ಬೆರಳಿಗೆ ಸುತ್ತಿದ್ದ ಬಟ್ಟೆಯನ್ನೂ ನೋಡಿದಳು.

"ಗುಣವಾಗುವಂಥದ್ದೇ," ಎಂದಳು. "ಕೂರಿಸು. ಕಾಫಿ ಕುಡಿಯಲಿ."